ಹೆಬ್ಬಾವಲ್ಲದ ಹಾವು

ಅಮ್ಮನ ಸಾವಿಗೆಂದು ರಜೆ ಹಾಕಿ ಹೋಗಿದ್ದ ಹಾವುಗಳ ಸಂಶೋಧಕಿ ಹಾವಕ್ಕ ಮ್ಯೂಸಿಯಮ್ಮಿಗೆ ಮರಳುವಷ್ಟರಲ್ಲಿ ಅಲ್ಲಿನ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರು ಅವಳ ಹಾವನ್ನು ನುಂಗಿ ನೀರು ಕುಡಿದಿದ್ದರು. ಕಾಡು ಮೇಡು ಅಲೆದು ಅವಳೇ ತಂದು, ಸ್ಪಿರಿಟ್ಟಿನ ಜಾಡಿಯಲ್ಲಿ ಇಟ್ಟಿದ್ದ ಹಾವು ಅದು. ಹೊಸ ಜಾತಿಯಾದರೆ ಅಮ್ಮನ ಹೆಸರಿಡುತ್ತೇನೆ ಎಂದು ಪೆದ್ದಿಯ ಹಾಗೆ ಅವರ ಮುಂದೆಯೇ ಹೇಳಿದ್ದಳು. ಮೇಷ್ಟ್ರು ಅದನ್ನು ಹೊಸ ಹೆಬ್ಬಾವೆಂದು ತಾವೊಬ್ಬರೇ ಪ್ರಕಟಿಸಿ, ತಮ್ಮ ಹೆಂಡತಿಯ ಹೆಸರಿಟ್ಟುಬಿಟ್ಟರು. ಥೂ, ಮನುಷ್ಯನಿಗೆ ಇಷ್ಟು ದುರಾಸೆಯೇ!

ಹಾವಕ್ಕ ಜಗಳವಾಡಲಿಲ್ಲ. ಹಲ್ಲು ಕಚ್ಚಿಕೊಂಡು ಕಾದಳು. ಮೇಷ್ಟ್ರದ್ದು ಮೊದಲಿಂದಲೂ ಅವಸರದ ಅಡುಗೆ. ತುಟಿಯ ಮೇಲೆ ಹೆಬ್ಬಾವಿಗಿರುವಂಥ ಗುಳಿಗಳನ್ನು ನೋಡಿ ಹೆಬ್ಬಾವು ಎಂದಿದ್ದರೇ ಹೊರತು, ಹೊಟ್ಟೆಯಲ್ಲಿ ಏನಿದೆಯೆಂದು ನೋಡುವ ಗೋಜಿಗೇ ಹೋಗಿರಲಿಲ್ಲ. ಅವಳು ನೋಡಿದಳು.

ಸನ್ಮಾನದ ಸಭೆಯಲ್ಲಿ, ಹಾರ ಹಾಕಿಸಿಕೊಂಡು ಬೀಗುತ್ತಿದ್ದ ಮೇಷ್ಟ್ರ ಹಿಂದಿನ ಪರದೆಯ ಮೇಲೆ ಅವಳು ಹಾವಿನ ಎಕ್ಸ್‌ರೇ ತೋರಿಸಿದಳು. ಹೊಟ್ಟೆಯೊಳಗೆ ಸುರುಳಿ ಸುತ್ತಿದ ಪುಟ್ಟ ಪುಟ್ಟ ಬೆನ್ನುಮೂಳೆಗಳು.

"ಸರ್, ಹೆಬ್ಬಾವು ಮೊಟ್ಟೆ ಇಡತ್ತೆ ಅಲ್ವಾ? ಇದರ ಹೊಟ್ಟೇಲಿ ಹುಟ್ಟೋಕೆ ರೆಡಿಯಾದ ಮರಿಗಳಿವೆ. ಇದು ಬೋವಾ, ಮರಿ ಹಾಕೋ ಹಾವು. ಎರಡೂ ಸುತ್ತಿ ಹಿಸುಕಿ ಕೊಲ್ತವೆ ನಿಜ, ಆದ್ರೆ ವಂಶವೇ ಬೇರೆ."

ಸಭೆಯಲ್ಲಿ ಕಿಸಕ್ಕನೆ ನಗು. ಆದರೂ ಮೇಷ್ಟ್ರು ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಪೈಕಿ.

"ವಂಶ ತಪ್ಪಿರಬಹುದಮ್ಮ, ತಿದ್ದೋಣ. ಆದ್ರೆ ಜಾತಿಗೆ ಮೊದಲು ಇಟ್ಟ ಹೆಸರೇ ಕೊನೇವರೆಗೂ ಉಳಿಯೋದು. ನಿಯಮ ಅದು."

"ನಿಮ್ಮ ಬಾಯಿಂದ ಅದೊಂದು ಮಾತು ಬರ್ಲಿ ಅಂತಾನೇ ಕಾಯ್ತಿದ್ದೆ ಸರ್."

ಅವಳು ಇನ್ನೊಂದು ಜಾಡಿಯನ್ನು ಮೇಜಿನ ಮೇಲಿಟ್ಟಳು. ಮ್ಯೂಸಿಯಮ್ಮಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಬೋವಾ. ಎಂದೋ ಸತ್ತುಹೋದ ವಿಜ್ಞಾನಿಯೊಬ್ಬರು ಎಂದೋ ಹೆಸರಿಟ್ಟಿದ್ದು. ಹುರುಪೆಗೆ ಹುರುಪೆ, ಗುಳಿಗೆ ಗುಳಿ, ಎರಡೂ ಒಂದೇ ಜಾತಿ.

"ಮೊದಲು ಹೆಸರಿಟ್ಟೋರು ಇವರು. ನೀವಿಟ್ಟಿದ್ದು ಇವತ್ತಿಗೆ ರದ್ದು."

ಚಪ್ಪಾಳೆ ತಟ್ಟಲು ಬಂದವರೆಲ್ಲ ಎರಡು ಜಾಡಿಗಳ ಸುತ್ತ ಮುಗಿಬಿದ್ದರು. ಮೇಷ್ಟ್ರು ಹಾರ ಕಿತ್ತೆಸೆದು ಅವಳ ಹತ್ತಿರ ಬಂದರು. ಮುಖ ಕಪ್ಪಿಟ್ಟಿತ್ತು.

"ಹುಚ್ಚಿ! ಇನ್ನು ನಿಮ್ಮಮ್ಮನ ಹೆಸರೂ ಇಡೋಕಾಗಲ್ಲ, ಗೊತ್ತಾ?"

"ಗೊತ್ತು ಸರ್. ಈ ಹಳೇ ಜಾಡಿ ಕಣ್ಣಿಗೆ ಬಿದ್ದ ದಿನಾನೇ ಅದಕ್ಕೆ ಅತ್ತು ಮುಗಿಸಿದೀನಿ. ಇವತ್ತು ನಿಮ್ಮ ಸರದಿ."