ಹತ್ತನೆಯ ಎಳೆತ

ಬೆಳಗಿನ ಸಾರು ಕುದಿಯುವ ಮೊದಲೇ ನಮ್ಮ ಶಾವಿಗೆ ಅಂಗಡಿಯ ಯಜಮಾನ ಮು ಚಾಂಗ್‌ಫು ಹೊಸ ಬೋರ್ಡು ಬರೆಸಿ ತಂದಿದ್ದ. ‘ಹತ್ತೆಳೆತದ ಶಾವಿಗೆ, ಲಾನ್‌ಝೌ ಊರಲ್ಲೇ ಇಲ್ಲಿ ಮಾತ್ರ.’ ಹತ್ತೆಳೆತ ಅಂದರೇನೆಂದು ಅವನಿಗೆ ತಿಳಿಯದು. ಗಲ್ಲಾದ ಹಿಂದೆಯೇ ಬೆಳೆದು, ಒಂದು ದಿನವೂ ಹಿಟ್ಟಿಗೆ ಕೈ ಹಾಕದವನಿಗೆ ತಿಳಿಯುವುದಾದರೂ ಹೇಗೆ?

ಅದನ್ನು ಅವನ ತಲೆಗೆ ತುಂಬಿದವನು ಲಿಜುನ್. ಮದುವೆ ಮನೆಗಳಲ್ಲಿ, ದೊಡ್ಡ ಹೋಟೆಲುಗಳ ಮುಂದೆ ಹಿಟ್ಟು ಎಳೆದು ಚಪ್ಪಾಳೆ ಗಿಟ್ಟಿಸಿಕೊಂಡು, ಈಗ ನಮ್ಮಲ್ಲಿ ಕೆಲಸ ಕೇಳಿ ಬಂದವನು. ಕೈಗೆ ಬಿಳಿ ಗವಸು. ಶಾವಿಗೆ ಎಳೆಯುವವನಿಗೆ ಗವಸು ಇರುವುದನ್ನು ನನ್ನ ಇಷ್ಟು ವಯಸ್ಸಿನಲ್ಲಿ ಅಂದೇ ಕಂಡದ್ದು.

ನಮ್ಮಲ್ಲಿ ಹಿಟ್ಟು ನಾದುವವನು ನಾನು, ಎಳೆಯುವವಳು ಶೂಮೇ. ಗಂಡ ತೀರಿದ ಮೇಲೆ ಅವಳ ಮನೆ ನಡೆಯುವುದೇ ಹಿಟ್ಟು ಎಳೆಯುವ ಆ ಹಲಗೆಯಿಂದ. ಯಜಮಾನ ಅಂದ:

“ಇವತ್ತಿನ ಮೊದಲ ಗಿರಾಕಿಗೆ ಇಬ್ರೂ ಒಂದೊಂದು ಬಟ್ಟಲು ಕೊಡಿ. ಅವನು ಮೆಚ್ಚಿದವರಿಗೆ ಹಲಗೆ. ಸೋತವರು ಹಿಂದೆ ಬಟ್ಟಲು ತೊಳೀಲಿ.”

“ನೀನೆಷ್ಟು ಎಳೀತೀಯಮ್ಮ?” ಎಂದ ಲಿಜುನ್, ಗವಸು ಬಿಚ್ಚುತ್ತ.

“ಬಲು ಸಣ್ಣದು ಕೇಳಿದ್ರೆ ಎಂಟು.”

“ನಾನು ಹತ್ತು. ಬರೀ ಎರಡು ಜಾಸ್ತಿ, ಹೆದರ್ಬೇಡ.”

“ಎರಡೇ ಅಲ್ವೇನೇ?” ಎಂದ ಯಜಮಾನ. “ನೀನೂ ಕಲಿಬಹುದಿತ್ತು.”

ಶೂಮೇ ಅಂದಳು: “ಎರಡಲ್ಲ ಯಜಮಾನ್ರೆ. ಮಡಿಸಿ ಮಡಿಸಿ ಎಂಟು ಸಲ ಎಳೆದ್ರೆ ಇನ್ನೂರೈವತ್ತಾರು ಎಳೆ. ಒಂಬತ್ತನೇದಕ್ಕೆ ಅಲ್ಲೀವರೆಗೆ ಆದಷ್ಟೂ ಇನ್ನೊಂದು ಸಲ ಆಗ್ಬೇಕು. ಹತ್ತನೇದಕ್ಕೆ ಅದರಷ್ಟೂ ಮತ್ತೊಂದು ಸಲ. ಸಾವಿರ ದಾಟುತ್ತೆ. ಹಿಟ್ಟು ಮಾತ್ರ ಇದ್ದಷ್ಟೇ.”

“ಲೆಕ್ಕ ಹೇಳೋರು ಗಲ್ಲಾದಲ್ಲಿ ಕೂತ್ಕೋಬೇಕು” ಎಂದ ಲಿಜುನ್. ಯಜಮಾನ ನಕ್ಕ. ಗಲ್ಲಾದಲ್ಲಿ ಕೂತಿದ್ದವನು ತಾನೇ ಎನ್ನುವುದೂ ಅವನಿಗೆ ಹೊಳೆಯಲಿಲ್ಲ.

ಲಿಜುನ್ ಹಿಟ್ಟನ್ನು ಎಳೆದ, ನಡುವಿಗೆ ಮಡಿಸಿದ, ಮತ್ತೆ ಎಳೆದ. ಎರಡು ಎಳೆ, ನಾಲ್ಕು, ಎಂಟು. ನೋಡುವವರ ಕಣ್ಣಿಗೆ ಇನ್ನೂ ಹಗ್ಗವೇ. ಸಾಲಿನಲ್ಲಿ ನಿಂತವರು ಆಕಳಿಸಿದರು. ಆರನೆಯ ಎಳೆತ ದಾಟಿದ ಮೇಲೆ ಕತ್ತು ಉದ್ದವಾದವು. ಒಂಬತ್ತಕ್ಕೆ ಅವನ ಕೈಗಳ ನಡುವೆ ಇದ್ದದ್ದು ಕೂದಲು, ಹತ್ತಕ್ಕೆ ಹೊಗೆ. ಒಂದೆಳೆಯನ್ನು ಸೂಜಿಯ ಕಣ್ಣಲ್ಲಿ ಪೋಣಿಸಿ ತೋರಿಸಿದ. ಚಪ್ಪಾಳೆ, ಫೋಟೋ. ಹಸಿದು ಬಂದವರು ಸೂಜಿ ನೋಡಿ ಹೊಟ್ಟೆ ಮರೆತರು. ಜನವೆಂದರೆ ಇಷ್ಟೇ.

ಅದನ್ನು ಕುದಿಯುವ ನೀರಿಗೆ ಬಿಟ್ಟು, ಸೋಸಿ, ಸಾರು ಸುರಿದು, ಮೊದಲ ಗಿರಾಕಿಯ ಮುಂದಿಟ್ಟ. ಮೊದಲ ಗಿರಾಕಿ ಎಂದಿನಂತೆ ತಿಯೆ, ಹಳದಿ ನದಿಯಲ್ಲಿ ಕುರಿ ಚರ್ಮದ ತೆಪ್ಪ ನಡೆಸುತ್ತಿದ್ದ ಮುದುಕ. ತಿಯೆ ತಿನ್ನುವ ಕಡ್ಡಿಗಳನ್ನು ಮುಳುಗಿಸಿ ಎತ್ತಿದ. ಏನೂ ಬರಲಿಲ್ಲ. ಇನ್ನೊಮ್ಮೆ ಕೆದಕಿದ.

“ಶಾವಿಗೆ ಎಲ್ಲಿದ್ಯೋ ಮಗಾ?”

“ಅದರಲ್ಲೇ ಇದೆ ಅಜ್ಜ. ಸಾವಿರ ಎಳೆ.”

“ನನ್ನ ಕಣ್ಣು ಮಂಜು. ನೀನೇ ಒಂದು ಹಿಡ್ಕೊಡು.”

ಲಿಜುನ್ ಬಗ್ಗಿ ನೋಡಿದ. ಬಟ್ಟಲಲ್ಲಿ ಬೆಳ್ಳಗಿನ ಅಂಟು, ಮೇಲೆ ಮೂಲಂಗಿ ಬಿಲ್ಲೆ, ಕೊತ್ತಂಬರಿ.

“ಈ ಊರಿನ ನೀರೇ ಸರಿ ಇಲ್ಲ.”

“ನೀರನ್ನ ಬೈಬೇಡ, ಅದು ನಮ್ಮಿಬ್ಬರಿಗಿಂತ ಹಳೇದು. ಗಂಜಿ ಚೆನ್ನಾಗಿದೆ. ಮನೇಲಿ ಹಲ್ಲು ಬರದ ಮರಿಮಗು ಇದೆ, ಡಬ್ಬಿಗೆ ಹಾಕ್ಕೊಡು.” ಆಮೇಲೆ ಹಲಗೆಯ ಕಡೆ ತಿರುಗಿದ. “ಶೂಮೇ, ನಂಗೆ ಏಳೆಳೆತದ್ದು ಕೊಡವ್ವ. ಹಲ್ಲಿಗೆ ಏನಾದ್ರೂ ಸಿಗ್ಲಿ.”

ಅವಳು ಎಳೆದು ಕೊಟ್ಟಳು. ಅವನು ಸುರ್ರೆಂದು ಎಳೆದುಕೊಂಡು ತಿಂದು, ಸಾರು ಕುಡಿದು, ಬಾಯಿ ಒರೆಸಿಕೊಂಡ. ಚಪ್ಪಾಳೆ ತಟ್ಟಿದ್ದವರೇ ಈಗ ‘ನಂಗೆ ಅಗಲದ್ದು’, ‘ನಂಗೆ ದಪ್ಪದ್ದು’ ಎಂದು ಶೂಮೇಯ ಮುಂದೆ ಒತ್ತಿ ನಿಂತರು.

ಯಜಮಾನನಿಗೆ ಆಗಲೂ ಬುದ್ಧಿ ಬರಲಿಲ್ಲ. “ಲಿಜುನ್ ಕಿಟಕೀಲಿ ನಿಂತು ಸೂಜಿ ಆಟ ಆಡ್ಲಿ. ಹಲಗೆ ಅವನಿಗೇ ಇರ್ಲಿ. ಶೂಮೇ, ನೀನು ಒಳಗೆಲ್ಲಾದ್ರೂ...”

ಅವಳು ಕೈ ನಿಲ್ಲಿಸಿದಳು. ಸಾಲೂ ನಿಂತಿತು. “ಸೋತವರು ಬಟ್ಟಲು ತೊಳೀಬೇಕು ಅಂದಿದ್ರಿ.”

ಸಾಲಿನವರೆಲ್ಲ ಯಜಮಾನನ ಮುಖ ನೋಡಿದರು. ಖಾಲಿ ಬಟ್ಟಲುಗಳ ಮುಖವೂ ಅತ್ತಲೇ ಇತ್ತು. “ಹಲಗೆ ನಿಂದೇ” ಎಂದು ಅವನು ಗೊಣಗಿದ.

ಲಿಜುನ್ ಗವಸು ಹಾಕಿಕೊಂಡ. ತೊಳೆಯುವುದಕ್ಕೆಂದು ತಿಳಿದೆ. ಅಲ್ಲ, ಹಿಂಬಾಗಿಲಿಂದ ಹೋಗುವುದಕ್ಕೆ.

‘ಹತ್ತೆಳೆತ’ದ ಆ ಬೋರ್ಡಿನಿಂದ ನಾನು ಈಗ ನಾದಿದ ಹಿಟ್ಟು ಮುಚ್ಚುತ್ತೇನೆ. ಬರಹದ ಕಡೆ ಕೆಳಗೆ. ಮರ ಒಳ್ಳೆಯದು.