ಡೈರಿ ಅಧ್ಯಕ್ಷರ ಮನೆಯಲ್ಲಿ ಹಾಲಿನ ಪುಡಿ

ಕಾಮಸಮುದ್ರದ ಕಡೆಯ ಆ ಹಳ್ಳಿಯಲ್ಲಿ ಹಾಲಿಗೆ ನೀರು ಬೆರೆಸುವವರಿಗೆ ಮುತ್ಯಾಲಮ್ಮ ಅಂದರೆ ನಡುಕ. ಅವಳಿಗೆ ಮನೆಯಲ್ಲಿ ಮೂರು ಸೀಮೆ ಹಸು, ಊರ ಮಹಿಳಾ ಡೈರಿಯಲ್ಲಿ ಅಧ್ಯಕ್ಷಗಿರಿ. ಯಾರ ಕ್ಯಾನಾದರೂ ಸರಿ, ಉಗುರ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡಿ, "ಅಸೂನ ಬೋರ್‌ವೆಲ್ ಪಕ್ಕದಾಗೆ ಕಟ್ಟಾಕಿದ್ದೀಯೇನಮ್ಮ?" ಎಂದು ಎಲ್ಲರ ಮುಂದೆ ಕೇಳಿಬಿಡುವಳು. ಹಿಂದಿನ ವಾರ ಈ ಮಾತು ಕೇಳಿಸಿಕೊಂಡವಳು ಮೇಲಿನ ಬೀದಿಯ ಮಾರಿಯಮ್ಮ.

ಇಂಥ ಮುತ್ಯಾಲಮ್ಮನ ಅಡುಗೆಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಹಾಲಿನ ಪುಡಿಯ ಪೊಟ್ಟಣ ಸಿಕ್ಕಿತು.

ತಂದವಳು ಸೊಸೆ ನವ್ಯ. ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ಹುಡುಗಿ. ಮೈದಾ ಅವಳ ಹೊಟ್ಟೆಗೆ ಆಗದು. ಅದಕ್ಕೇ ಅವಳಮ್ಮ ಕಲಾ ಹಿಟ್ಟು ಮುಟ್ಟದೆ, ಹಾಲಿನ ಪುಡಿಗೆ ಮೊಟ್ಟೆ, ಬಾಳೆಹಣ್ಣು ಕಲಸಿ, ದಪ್ಪ ದೋಸೆಯಂಥ ಅಂಗೈಯಗಲದ ಪ್ಯಾನ್‌ಕೇಕು ಹುಯ್ದುಕೊಡುತ್ತಿದ್ದಳು. ತವರಿಗೆ ಹೋಗಿ ಬರುವಾಗ ನವ್ಯ ಒಂದು ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

"ಮೂರು ಅಸ ಕಟ್ಟಿರೋ ಮನೆಗೆ ಆಲಿನ ಪುಡಿ ತಂದಿದ್ದೀಯಲ್ಲೇ" ಎಂದಳು ಮುತ್ಯಾಲಮ್ಮ. ಅವಳಿಗೆ ಕೋಪಕ್ಕಿಂತ ಅವಮಾನವೇ ಹೆಚ್ಚಾಗಿತ್ತು.

"ಹಾಲು ಹಾಕಿದ್ರೆ ನೀರಾಗೋಗುತ್ತೆ ಅತ್ತೆ. ಹಿಟ್ಟಿನ ಬದಲು ಪುಡೀನೇ ಹಾಕೋದು."

"ಇಟ್ಟಿಲ್ದೆ ದೋಸೆ. ನಿಮ್ಮಮ್ಮ ನೀರಿಲ್ದೆ ಸಾರೂ ಮಾಡ್ತಾಳೇನು?"

ನವ್ಯ ಬಾಯಿ ತೆರೆಯುವುದರೊಳಗೆ ಮುತ್ಯಾಲಮ್ಮ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಿಪ್ಪೆಗೆ ಹಾಕಿಬರಲು ಹಿತ್ತಲ ಬಾಗಿಲು ದಾಟಿದಳು. ದಾಟಿದರೆ ಎದುರಿಗೇ ಮಾರಿಯಮ್ಮ, ಕರಿಬೇವು ಕೇಳಲು ಬಂದವಳು. ಗಾಬರಿಗೆ ಸೆರಗು ಜಾರಿ ಪೊಟ್ಟಣ ಇಬ್ಬರ ನಡುವೆ ಬಿತ್ತು. ನೀರು ಬೆರೆಸಿದ ಹಾಲಿಗೆ ಇಷ್ಟು ಪುಡಿ ಕದಡಿದರೆ ಡೈರಿಯ ಮೆಷಿನ್ನೂ ಮೋಸಹೋಗುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ವಿಷಯ.

"ಅಧ್ಯಕ್ಷರ ಮನೇಲಿ ಪುಡಿ" ಎಂದಳು ಮಾರಿಯಮ್ಮ, ಬೆಲ್ಲ ಚೀಪುವವಳ ಹಾಗೆ ನಿಧಾನವಾಗಿ.

"ದೋಸೆಗೆ ಕಣೇ."

"ಇಟ್ಟಿನ ಜೊತೆ ಕಲಸ್ತೀರಾ?"

"ಇಟ್ಟು ಆಕಲ್ಲ."

ಹೇಳುವಾಗಲೇ ಇದು ಶುದ್ಧ ಸುಳ್ಳಿನಂತೆ ಕೇಳಿಸುತ್ತಿದೆ ಎಂದು ಮುತ್ಯಾಲಮ್ಮನಿಗೇ ಅನ್ನಿಸಿತು. ಮಾರಿಯಮ್ಮ ಕರಿಬೇವು ಮರೆತು ಸರಸರ ನಡೆದುಬಿಟ್ಟಳು.

ಸ್ವಲ್ಪ ಹೊತ್ತಿಗೆಲ್ಲ ಅಂಗಳದ ತುಂಬ ಹೆಂಗಸರು. ಅವರ ಹಿಂದೆ ಡೈರಿ ಕಾರ್ಯದರ್ಶಿ ಕಲ್ಪನ, ಎಲ್ಲಿ ನೋಡಬೇಕೆಂದು ತಿಳಿಯದೆ ಹಸುಗಳನ್ನೇ ನೋಡುತ್ತಾ ನಿಂತಿದ್ದಳು. ಪುಡಿ ಬಿಸಾಕುವ ಕಾಲ ಮೀರಿತ್ತು. ಈಗ ಬಿಸಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ.

ಮುತ್ಯಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನವ್ಯ, ಕಾವಲಿ ತಗೊಂಬಾ. ಇಲ್ಲೇ ಉಯ್ಯಿ, ಎಲ್ರೂ ನೋಡ್ಲಿ."

"ಗ್ಯಾಸಲ್ಲಿ ಮಾಡ್ಬೇಕು ಅತ್ತೆ, ಉರಿ ಜಾಸ್ತಿಯಾದ್ರೆ..."

"ಒಳಗೆ ಮಾಡಿದ್ರೆ ಇಟ್ಟು ಬೆರೆಸಿದ್ರು ಅಂತಾರೆ."

ನೀರು ಕಾಯಿಸುವ ಸೌದೆ ಒಲೆ ಧಗಧಗ ಉರಿಯುತ್ತಿತ್ತು. ನವ್ಯ ಬಾಳೆಹಣ್ಣು ಕಿವುಚಿ, ಮೊಟ್ಟೆ ಒಡೆದು, ಪುಡಿ ಸುರಿದು ಕಲಸಿದಳು. ಮೊದಲನೆಯದು ಕಾವಲಿಗೆ ಬಿದ್ದದ್ದೇ ತಡ, ಹೊಗೆಯೆದ್ದು ಇದ್ದಿಲಾಯಿತು. ಎರಡನೆಯದು ಏಳಲೇ ಇಲ್ಲ. ಕೆರೆದಾಗ ಚೂರುಚೂರಾಗಿ ಬಂತು.

"ಇದೇನಾ ದೋಸೆ?" ಎಂದಳು ಮಾರಿಯಮ್ಮ.

ಯಾರೋ ಕಿಸಕ್ಕೆಂದರು. ನವ್ಯಳ ಕಣ್ಣಲ್ಲಿ ನೀರಾಡಿತು. ಹೊಗೆಗೋ ನಾಚಿಕೆಗೋ ಗೊತ್ತಾಗಲಿಲ್ಲ. ಅದನ್ನು ಕಂಡದ್ದೇ ಮುತ್ಯಾಲಮ್ಮ ಒಲೆಯ ಮುಂದೆ ಬಂದಳು. ಕುಕ್ಕರುಗಾಲಲ್ಲಿ ಕೂತು ಉರಿಯುವ ಸೌದೆಯನ್ನೆಲ್ಲ ತಾನೇ ಆಚೆ ಎಳೆದಳು, ಬರೀ ಕೆಂಡ ಉಳಿಸಿದಳು. "ನೀನು ಉಯ್ಯಮ್ಮ. ಇವರಿಗೇನು, ಮನೇಲಿ ಯಾರೂ ದೋಸೆ ಸೀಯಿಸೇ ಇಲ್ಲ ಅನ್ನೋ ಅಂಗೆ ನಿಂತವ್ರೆ."

ಮೂರನೆಯದು ಮೆಲ್ಲಗೆ ಉಬ್ಬಿತು. ನವ್ಯ ಉಸಿರು ಹಿಡಿದು ಮಗುಚಿದಳು. ಹೊಂಬಣ್ಣ. ಕೋವಾ ಕಾಯಿಸಿದಂಥ ಘಮ ಅಂಗಳವೆಲ್ಲ ಹಬ್ಬಿ, ಹೆಂಗಸರು ಒಲೆಯ ಹತ್ತಿರಕ್ಕೆ ಜರುಗಿದರು.

ಮೊದಲ ತುಂಡನ್ನು ಮುತ್ಯಾಲಮ್ಮ ಮಾರಿಯಮ್ಮನ ಕೈಗೇ ಇಟ್ಟಳು. ಮಾರಿಯಮ್ಮ ಬಹಳ ಹೊತ್ತು ಅಗಿದಳು. "ಒಂಚೂರು ಉಪ್ಪು ಕಮ್ಮಿ" ಎಂದು, ಮತ್ತೆ ಕೈ ಚಾಚಿದಳು.

"ನಾಳೆ ನಮ್ಮನೆ ಆಲನ್ನ ಎಲ್ರ ಮುಂದೇನೇ ಪರೀಕ್ಷೆ ಮಾಡಮ್ಮ" ಎಂದಳು ಮುತ್ಯಾಲಮ್ಮ, ಕಲ್ಪನಳ ಕಡೆ ತಿರುಗಿ. ಕಲ್ಪನಳ ಬಾಯಿ ತುಂಬಿತ್ತು, ತಲೆಯಾಡಿಸಿದಳು.

ಪೊಟ್ಟಣ ಅಲ್ಲಿಗೇ ಖಾಲಿಯಾಯಿತು. ಆಸೆಪಟ್ಟು ತಂದಿದ್ದ ನವ್ಯಳಿಗೆ ದಕ್ಕಿದ್ದು ಕೊನೆಯ ಅರ್ಧ. ಹೆಂಗಸರು ಅವಳನ್ನು ಸುತ್ತುವರಿದು, ಮೊಟ್ಟೆ ಎಷ್ಟು, ಹಣ್ಣು ಎಂಥದ್ದು ಎಂದು ಕೇಳತೊಡಗಿದರು. ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಬೇರೆ ಕಡೆಯಿಂದ ಬರುತ್ತಿತ್ತು.

"ಅಣ್ಣು ಚೆನ್ನಾಗಿ ಕಳಿತಿರ್ಬೇಕು ಕಣ್ರೇ. ಉರಿ ಸಣ್ಣಕಿರ್ಬೇಕು. ಅದ್ರಾಗೇ ಇರೋದು ಎಲ್ಲ" ಎಂದು ಮುತ್ಯಾಲಮ್ಮ ಹುಟ್ಟಿದಾಗಿನಿಂದ ಇದನ್ನೇ ಮಾಡಿಕೊಂಡು ಬಂದವಳ ಹಾಗೆ ಹೇಳುತ್ತಿದ್ದಳು. ನವ್ಯ ನಗು ಕಾಣಿಸದಂತೆ ತಲೆ ಬಗ್ಗಿಸಿ, ಬಟ್ಟಲಿನ ತಳ ಬಳಿದು ನೆಕ್ಕಿದಳು.