ಮೂರು ವಾರದ ಸೊನ್ನೆಗಳು

ವೃದ್ಧಾಶ್ರಮದ ಕೆಳಮಹಡಿಯ ಹನ್ನೊಂದು ಮಂದಿ ದಿನಕ್ಕೆ ಎಷ್ಟು ನಿಮಿಷ ಹೊರಗೆ ಬಯಲಲ್ಲಿದ್ದರು ಎಂದು ಬರೆಯುವ ರಿಜಿಸ್ಟರ್ ಹೊಸದಾಗಿ ಸೇರಿದ ಸಿಸ್ಟರ್ ಕೈಗೆ ಬಂದಾಗ ಅದರ ತುಂಬ ಇಪ್ಪತ್ತುಗಳೇ ಇದ್ದವು. ಮಳೆ ಹೊಯ್ದ ದಿನವೂ ಇಪ್ಪತ್ತು. ಜ್ವರ ಬಂದು ಹಾಸಿಗೆ ಬಿಟ್ಟೇಳದವರಿಗೂ ಇಪ್ಪತ್ತು.

"ಹೀಗೇ ಬರೆಯೋದಾ ಆಯಮ್ಮ?"

ಹದಿನಾರು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಆಯಮ್ಮ ನೆಲದ ಬಟ್ಟೆ ಹಿಂಡುತ್ತ, "ಮತ್ತೆ ಹೇಗೆ ಬರೀತೀರಿ? ಏಳು ಜನ ತಾವೇ ನಡೆದು ಹೋಗಿ ಬೆಂಚಿನ ಮೇಲೆ ಕೂತು ಬರ್ತಾರೆ, ಅವರ ಚಿಂತೆಯಿಲ್ಲ. ಈ ನಾಲ್ಕು ಜನ ವೀಲ್‌ಚೇರಿನವರು. ಎತ್ತಿ ಕೂರಿಸಿ, ಆ ಇಳಿಜಾರಲ್ಲಿ ಇಳಿಸಿ, ತಿರುಗಿ ಹತ್ತಿಸಿ ತರೋಷ್ಟರಲ್ಲಿ ನನ್ನನ್ನೂ ಅದರಲ್ಲೇ ಕೂರಿಸಬೇಕಾಗುತ್ತೆ. ಇಪ್ಪತ್ತು ಹಾಕಿ ಸುಮ್ಮನಿರಿ ತಾಯಿ" ಎಂದಳು.

ಸಿಸ್ಟರ್ ಸುಮ್ಮನಿರುವ ಜಾತಿಯವಳಲ್ಲ. ಧೈರ್ಯಸ್ಥೆ ಎಂದಲ್ಲ, ಬೀಗ ಹಾಕಿ ನಾಲ್ಕು ಹೆಜ್ಜೆ ಹೋದ ಮೇಲೆ ತಿರುಗಿ ಬಂದು ಎಳೆದು ನೋಡುವವಳು. ಸುಳ್ಳು ಬರೆದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಆ ನಾಲ್ವರಲ್ಲಿ ಒಬ್ಬ ಡ್ರೈವರ್ ತಾತ. ಜೀವಮಾನವೆಲ್ಲ ಬಸ್ಸು ಓಡಿಸಿದವನು. ಎಡಗೈ ಎಡಗಾಲು ಸ್ವಾಧೀನ ತಪ್ಪಿದ್ದವು. ನಾಲಿಗೆ ಮಾತ್ರ ನೆಟ್ಟಗಿತ್ತು. ಅವನ ಕಿಟಕಿಗೆ ಎದುರಾಗಿ ಪಕ್ಕದ ಕಟ್ಟಡದ ಬಣ್ಣ ಕಾಣದ ಗೋಡೆ. ಬೆಳಿಗ್ಗೆ ಮಾತ್ರೆ ಕೊಡಲು ಹೋದಾಗಲೆಲ್ಲ, "ಹೊರಡೋಣವಾ ಮಗಳೇ?" ಎನ್ನುತ್ತಿದ್ದ.

ಒಂದು ದಿನ ಅವಳು ಹೊರಡಿಸಿದಳು. ಗೇಟಿನ ಹತ್ತಿರ ನಿಲ್ಲಿಸಿದ್ದೇ ತಡ, ತಾತ ಕಣ್ಣು ಮುಚ್ಚಿ ರಸ್ತೆಗೆ ಕಿವಿಗೊಟ್ಟ. "ಕೇಳಿಸ್ತಾ? ಏರಿನಲ್ಲಿ ಮೂರನೇ ಗೇರಲ್ಲೇ ಎಳೀತಿದ್ದಾನೆ ಕತ್ತೆ. ಇಂಜಿನ್ನನ್ನ ತಿಂದು ನೀರು ಕುಡೀತಾನೆ." ಹತ್ತು ನಿಮಿಷ ಕಳೆದಿತ್ತೋ ಇಲ್ಲವೋ, ಒಳಗೆ ಆ ನಾಲ್ವರಲ್ಲೇ ಒಬ್ಬಳಾದ ಅಜ್ಜಿ ಮಂಚದಿಂದ ಜಾರಿ ಹಣೆ ಒಡೆದುಕೊಂಡಳು. ವಾರ್ಡು ಬಿಟ್ಟು ಹೋದದ್ದಕ್ಕೆ ಸಿಸ್ಟರಿಗೆ ನೋಟೀಸು ಬಂತು. ಆಮೇಲೆ "ಹೊರಡೋಣವಾ" ಎಂದಾಗಲೆಲ್ಲ ಅವಳು "ನಾಳೆ ತಾತ" ಎನ್ನತೊಡಗಿದಳು.

ಅದೇ ವಾರ ಅವಳು ಒಂದು ನಿರ್ಧಾರಕ್ಕೆ ಬಂದಳು. ಸುಳ್ಳು ಇಪ್ಪತ್ತು ಬರೆಯುವ ತನಕ ಇನ್ನೊಬ್ಬ ಆಯಾಳನ್ನು ಯಾರು ಕೊಡುತ್ತಾರೆ? ಸೊನ್ನೆ ಕಂಡರೆ ಮೇಲಿನವರಿಗೆ ನಾಚಿಕೆಯಾದರೂ ಆದೀತು. ನಾಲ್ವರ ಹೆಸರಿನ ಮುಂದೆ ದಿನಾ ಸೊನ್ನೆ ಹಾಕಿದಳು. ಮೂರು ವಾರ ಹಾಕಿದಳು. ಮುಂಚಿನ ಸಿಸ್ಟರುಗಳೆಲ್ಲ ಇಪ್ಪತ್ತನ್ನೇ ಬರೆದು ಹೋಗಿದ್ದರಿಂದ, ಸೊನ್ನೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುವ ಮೇಡಂ ಬಂದರು. ಪುಟ ತಿರುವಿ, "ಇಷ್ಟು ಪ್ರಾಮಾಣಿಕವಾಗಿ ಬರೆದ ರಿಜಿಸ್ಟರ್ ನಾನೆಲ್ಲೂ ನೋಡಿಲ್ಲ ಸಿಸ್ಟರ್" ಎಂದರು. ಅಂದು ಸಿಸ್ಟರ್ ಮನೆಗೆ ಹೋಗುವಾಗ ಬೀಗವನ್ನು ಒಂದೇ ಸಲ ಎಳೆದು ನೋಡಿದಳು.

ವಾರ ಕಳೆದು ಮೇಡಂ ಕಚೇರಿಯಿಂದ ಕಾಗದ ಬಂತು. ಸತತ ಇಪ್ಪತ್ತೊಂದು ದಿನ ಹೊರಗೆ ಹೋಗದ ನಾಲ್ವರು ಹೊರಸಂಚಾರಕ್ಕೆ ಅಶಕ್ತರು. ಅವರನ್ನು ಮೂರನೇ ಮಹಡಿಗೆ ಸಾಗಿಸಬೇಕು. ಸದ್ಯ ಅಲ್ಲಿ ಒಂದೇ ಹಾಸಿಗೆ ಖಾಲಿಯಿರುವುದರಿಂದ ಪಟ್ಟಿಯಲ್ಲಿ ಮೊದಲಿರುವವರು ಮೊದಲು ಹೋಗತಕ್ಕದ್ದು. ಮೊದಲ ಹೆಸರು ಡ್ರೈವರ್ ತಾತನದು. ಮೂರನೇ ಮಹಡಿಯೆಂದರೆ ಹಾಸಿಗೆಯಿಂದ ಏಳದವರ ಮಹಡಿ. ಅಲ್ಲಿಂದ ಕೆಳಗಿಳಿದು ಬಂದವರನ್ನು ಆಯಮ್ಮ ಹದಿನಾರು ವರ್ಷದಲ್ಲಿ ಬಟ್ಟೆ ಹೊದಿಸಿದ ಸ್ಟ್ರೆಚರಿನ ಮೇಲಷ್ಟೇ ಕಂಡಿದ್ದಳು.

ಸಿಸ್ಟರ್ ಕಾಗದವನ್ನು ಎರಡು ಸಲ ಓದಿದಳು. ಮೇಡಂಗೆ ಫೋನು ಮಾಡಿದಳು.

"ಅವರಿಗೆ ಆಗಲ್ಲ ಅಂತಲ್ಲ ಮೇಡಂ. ಕರ್ಕೊಂಡು ಹೋಗೋಕೆ ನಮ್ಮಲ್ಲಿ ಜನ ಇರಲಿಲ್ಲ."

"ಅದನ್ನ ಎಲ್ಲಿ ಬರೆದಿದ್ದೀರಿ?"

"ಬರೆಯೋಕೆ ಜಾಗ ಎಲ್ಲಿದೆ? ನಿಮಿಷದ ಕಾಲಂ ಒಂದೇ ಇರೋದು."

ಆ ಕಡೆ ಕಾಗದ ಸರಿದ ಸದ್ದು. "ಮೂರು ತಿಂಗಳಾದ ಮೇಲೆ ಮತ್ತೆ ನೋಡ್ತೀವಿ. ಅಷ್ಟರಲ್ಲಿ ಅವರ ನಿಮಿಷಗಳು ಹೆಚ್ಚಿದ್ರೆ ಕೆಳಗೆ ಕಳಿಸೋಣ."

"ಮೂರನೇ ಮಹಡೀಲಿ ಈ ರಿಜಿಸ್ಟರೇ ಇಟ್ಟಿಲ್ಲ ಮೇಡಂ."

"ಅದು ನಮ್ಮ ವಿಭಾಗಕ್ಕೆ ಬರಲ್ಲ ಸಿಸ್ಟರ್" ಎಂದರು ಮೇಡಂ, ಮೆತ್ತಗೆ.

ಒಪ್ಪಿಗೆಯ ಸಹಿ ಹಾಕಲು ತಾತನ ಮಗಳು ಬಂದಳು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದವಳು, ಚೀಲವನ್ನು ಹೆಗಲಿನಿಂದ ಇಳಿಸಲೂ ಇಲ್ಲ.

"ಅಪ್ಪ, ಮೇಲೆ ಚೆನ್ನಾಗಿ ನೋಡ್ಕೋತಾರಂತೆ. ನೀನು ಹೇಗೂ ಹೊರಗೆ ಹೋಗ್ತಾ ಇಲ್ವಲ್ಲ. ಸಿಸ್ಟರೇ ಬರೆದಿದ್ದಾರೆ."

ತಾತ ಮಗಳನ್ನು ಬಿಟ್ಟು ಸಿಸ್ಟರನ್ನು ನೋಡಿದ. "ನಾನು ಬರಲ್ಲ ಅಂದೆನಾ?"

"ಇಲ್ಲ" ಎಂದಳು ಸಿಸ್ಟರ್. ಮಗಳತ್ತ ತಿರುಗಿ, "ಅವರು ದಿನಾ ಕೇಳ್ತಿದ್ರು. ನಾನೇ ಕರ್ಕೊಂಡು ಹೋಗಲಿಲ್ಲ. ನೀವು ಒಪ್ಪಲ್ಲ ಅಂದ್ರೆ ಮೇಡಂ ಕಡೆಯವರು ಸಾಗಿಸೋ ಹಾಗಿಲ್ಲ. ಸಹಿ ಹಾಕಬೇಡಿ" ಎಂದಳು.

ಮಗಳು ಪೆನ್ನಿನ ಮುಚ್ಚಳ ತೆಗೆದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ದಿನಾ ಕೇಳಿದ್ರೂ ಕರ್ಕೊಂಡು ಹೋಗಲಿಲ್ಲ. ಹಾಗಿದ್ಮೇಲೆ ಕೆಳಗೇ ಇದ್ದು ಏನಾಗಬೇಕು ಸಿಸ್ಟರ್?"

ಮಗಳು ಸಹಿ ಹಾಕಿದಳು.

ಲಿಫ್ಟಿನವನು ನಾಲ್ಕು ಗಂಟೆಗೆ ಬರುವವನಿದ್ದ. ಮೂರೂವರೆಗೆ ಆಯಮ್ಮ ತಾನಾಗಿ ಬಂದು, "ಹೋಗಿ, ಒಂದು ಸುತ್ತು ಕರ್ಕೊಂಡು ಬನ್ನಿ. ಯಾರು ಬಿದ್ದರೂ ನನ್ನ ತಲೆ ಮೇಲೆ" ಎಂದಳು. ಸಿಸ್ಟರ್ ಗಾಲಿಕುರ್ಚಿಯನ್ನು ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿ, "ತಾತ, ಹೊರಡೋಣವಾ?" ಎಂದಳು.

ತಾತ ಬಲಗೈಯಿಂದ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. "ಬೇಡಮ್ಮ."

"ಹತ್ತೇ ನಿಮಿಷ."

"ಬೇಡ. ಒಬ್ಬಳೇ ಎಳೆದು ಸುಸ್ತಾಗ್ತೀಯ."

ನಾಲ್ಕಕ್ಕೆ ಅವನನ್ನು ಒಯ್ದರು.

ಆಯಮ್ಮ ಅವನ ಮಂಚದ ಬಟ್ಟೆ ಕಿತ್ತು ಗಂಟು ಕಟ್ಟುತ್ತಿದ್ದಳು. "ಮೇಲೆ ಕಿಟಕಿ ಪಕ್ಕದ ಅಜ್ಜಿ ನೀರೂ ಕುಡೀತಾ ಇಲ್ಲವಂತೆ" ಎಂದಳು ಬೆನ್ನು ಮಾಡಿಕೊಂಡೇ. "ಈ ವಾರ ದಾಟೋದು ಅನುಮಾನ ಅಂತಾರೆ."

ಆ ಹಾಸಿಗೆ ಖಾಲಿಯಾದರೆ ಹೋಗಬೇಕಾದವಳು, ಪಟ್ಟಿಯಲ್ಲಿ ಎರಡನೆಯವಳು, ಹಣೆ ಒಡೆದುಕೊಂಡ ಅಜ್ಜಿ. ಅವಳು ಗೋಡೆಯತ್ತ ಮುಖಮಾಡಿ ಮಲಗಿದ್ದಳು.

ಸಿಸ್ಟರ್ ರಿಜಿಸ್ಟರ್ ತೆಗೆದಳು. ಅಜ್ಜಿಯ ಹೆಸರಿನ ಮುಂದೆ ಇಪ್ಪತ್ತು ಎಂದು ಬರೆದಳು. ಉಳಿದಿಬ್ಬರ ಮುಂದೆಯೂ ಬರೆದಳು. ಶಾಯಿ ಆರುವ ಮೊದಲೇ ಪುಟ ಮಗುಚಿ, ನಾಳೆಯ ತಾರೀಖು ಹಾಕಿ, ಅದಕ್ಕೂ ಬರೆದಿಟ್ಟಳು.